ಹಾರ್ಡಿ ಬಾಯ್ಸ್ ಬರೆದ ಡಿಕ್ಸನ್ ಯಾರು?

2023ರ ಜನವರಿ 1ರಂದು ಅಮೆರಿಕದಲ್ಲಿ, ಅಣ್ಣತಮ್ಮಂದಿರಿಬ್ಬರು ಪತ್ತೇದಾರಿ ಮಾಡುವ ಹಾರ್ಡಿ ಬಾಯ್ಸ್ ಎಂಬ ಮಕ್ಕಳ ಸರಣಿಯ ಮೊದಲ ಮೂರು ಪುಸ್ತಕಗಳ ಕಾಪಿರೈಟ್ ಮುಗಿಯಿತು. 2026ರ ಜನವರಿ 1ಕ್ಕೆ ನ್ಯಾನ್ಸಿ ಡ್ರೂ ಎಂಬ ಪತ್ತೇದಾರಿ ಹುಡುಗಿಯ ಸರಣಿಯ ಮೊದಲ ನಾಲ್ಕು ಪುಸ್ತಕಗಳ ಸರದಿಯೂ ಬಂತು. ಈಗ ಇವುಗಳ ಉಚಿತ ಪ್ರತಿಗಳು ನೆಟ್‌ನಲ್ಲಿ ಸಿಗುತ್ತವೆ. ತಾವು ಚಿಕ್ಕಂದಿನಲ್ಲಿ ಓದಿದ್ದನ್ನು ಮಕ್ಕಳಿಗೂ ಓದಿಸೋಣ ಎಂದು ಡೌನ್‌ಲೋಡ್ ಮಾಡಿಕೊಂಡವರಿಗೆ ಒಂದು ಗೊಂದಲ ಎದುರಾಗುತ್ತದೆ. ಪುಸ್ತಕದ ಹೆಸರು ಅದೇ, ಅಣ್ಣತಮ್ಮಂದಿರೂ ಅವರೇ, ಆದರೆ ಒಳಗಿನ ಮಾತು, ಘಟನೆ, ಅಧ್ಯಾಯಗಳ ಲೆಕ್ಕ ಯಾವುದೂ ನೆನಪಿನ ಜೊತೆ ತಾಳೆಯಾಗುವುದಿಲ್ಲ. ಹೋಗಲಿ, ಬರೆದವರ ಬಗ್ಗೆ ತಿಳಿದುಕೊಳ್ಳೋಣ ಎಂದು ಹಾರ್ಡಿ ಬಾಯ್ಸ್ ರಟ್ಟಿನ ಮೇಲಿರುವ ಹೆಸರು ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಅಂತ ಹುಡುಕಿದರೆ, ಆ ಹೆಸರಿನ ಲೇಖಕ ಯಾವತ್ತೂ ಇರಲೇ ಇಲ್ಲ ಎನ್ನುವ ಉತ್ತರ ಬರುತ್ತದೆ.

ಎರಡೂ ಗೊಂದಲಗಳ ಬೇರು ಒಂದೇ. ಈ ಪುಸ್ತಕಗಳನ್ನು ಒಬ್ಬ ಲೇಖಕ ಕೂತು ಬರೆದದ್ದಲ್ಲ. ಒಂದು ಕಂಪನಿ ಅವನ್ನು ತಯಾರು ಮಾಡಿತು. ಅದು ಹೇಗೆ ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹತ್ತು ಸೆಂಟಿನ ಕತೆಗಳ ಕಾಲ

ಸ್ವಲ್ಪ ಹಿಂದಕ್ಕೆ ಹೋಗೋಣ. 19ನೇ ಶತಮಾನದ ನಡುವಿಗೆ ಅಮೆರಿಕದಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಆದವು. ಶಾಲೆಗೆ ಹೋಗುವ ಮಕ್ಕಳು ಹೆಚ್ಚಾದರು. ಹಬೆಯಿಂದ ಓಡುವ ಮುದ್ರಣ ಯಂತ್ರಗಳು ಬಂದವು, ಕಾಗದವೂ ಅಗ್ಗವಾಗುತ್ತಾ ಬಂತು. ಅಚ್ಚಾದದ್ದನ್ನು ದೇಶದ ಮೂಲೆಮೂಲೆಗೆ ಒಯ್ಯಲು ರೈಲು ಇತ್ತು. 1860ರಲ್ಲಿ ಬೀಡಲ್ ಎಂಬ ಪ್ರಕಾಶನದವರು ಹತ್ತು ಸೆಂಟಿಗೆ ಒಂದು ಕಾದಂಬರಿ ಮಾರಲು ಶುರುಮಾಡಿದರು. ಹತ್ತು ಸೆಂಟಿನ ನಾಣ್ಯಕ್ಕೆ ಅಲ್ಲಿ ಡೈಮ್ ಎನ್ನುತ್ತಾರೆ. ಹಾಗಾಗಿ ಇಂಥವು ಡೈಮ್ ಕಾದಂಬರಿಗಳಾದವು. ತೆಳ್ಳಗಿನ ರಟ್ಟು, ಕುದುರೆ ಸವಾರರು, ಕಳ್ಳರು, ಪತ್ತೇದಾರರು. ಆಮೇಲೆ ಐದು ಸೆಂಟಿನ ವಾರಪತ್ರಿಕೆಗಳೂ ಬಂದವು.

ಹುಡುಗರು ಮುಗಿಬಿದ್ದು ಓದಿದರು. ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ ಇದು ಸುತರಾಂ ಹಿಡಿಸಲಿಲ್ಲ. ಮನೆಗೆ ತರುವ ಹಾಗಿರಲಿಲ್ಲ, ಕದ್ದು ಓದಬೇಕಿತ್ತು. ಇನ್ನೊಂದು ಕಡೆ ಮಕ್ಕಳಿಗೆಂದೇ ಬರುತ್ತಿದ್ದ ಗಟ್ಟಿ ರಟ್ಟಿನ ಒಳ್ಳೆಯ ಪುಸ್ತಕಗಳಿದ್ದವು. ಅವುಗಳ ಬೆಲೆ ಒಂದು ಡಾಲರಿನ ಆಸುಪಾಸು. ಅದನ್ನು ಹುಡುಗರು ತಮ್ಮ ಕೈಖರ್ಚಿನ ಕಾಸಲ್ಲಿ ಕೊಳ್ಳುವುದು ಸಾಧ್ಯವಿರಲಿಲ್ಲ. ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಯಾರಾದರೂ ಕೊಡಿಸಬೇಕು. ಕೊಡಿಸುವವರು ಆರಿಸುವುದು ಬುದ್ಧಿ ಹೇಳುವ ಪುಸ್ತಕವನ್ನೇ.

ಹುಡುಗನಿಗೆ ಬೇಕಾದ ಕತೆ ಒಂದು ಕಡೆ, ದೊಡ್ಡವರು ಒಪ್ಪುವ ಪುಸ್ತಕ ಇನ್ನೊಂದು ಕಡೆ. ಎರಡನ್ನೂ ಸೇರಿಸಿದವರು ಎಡ್ವರ್ಡ್ ಸ್ಟ್ರಾಟೆಮೇಯರ್.

ತಂಬಾಕು ಅಂಗಡಿಯಿಂದ ಬಂದ ಲೇಖಕ

ಸ್ಟ್ರಾಟೆಮೇಯರ್ ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಲ್ಲಿ. ಜರ್ಮನಿಯಿಂದ ಬಂದು ನೆಲೆಸಿದ ತಂದೆಗೆ ತಂಬಾಕಿನ ವ್ಯಾಪಾರ. ಮಗನೂ ಅಂಗಡಿಯಲ್ಲೇ ಕೂತು, ಸಾಮಾನು ಕಟ್ಟುವ ಕಂದು ಕಾಗದದ ಮೇಲೆ ಒಂದು ಕತೆ ಬರೆದ ಎನ್ನುವುದು ಅವರ ಬಗ್ಗೆ ಎಲ್ಲರೂ ಹೇಳುವ ಸಂಗತಿ. 1889ರಲ್ಲಿ ಆ ಕತೆಯನ್ನು ಒಂದು ಮಕ್ಕಳ ವಾರಪತ್ರಿಕೆ 75 ಡಾಲರಿಗೆ ಕೊಂಡಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಆಮೇಲೆ ಅವರು ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಎಂಬ ಅಗ್ಗದ ಕತೆಗಳ ಪ್ರಕಾಶನಕ್ಕೆ ಬರೆದರು, ಅಲ್ಲೇ ಒಂದು ಪತ್ರಿಕೆಯ ಸಂಪಾದಕರೂ ಆದರು. ವಾರಕ್ಕೆ ಇಷ್ಟು ಪುಟ ಅಂತ ಬರೆಯುವ ಕಸುಬು ಅಲ್ಲೇ ಕೈಗೆ ಹತ್ತಿದ್ದು. ಒಂದು ಹೆಸರಿಗೆ ಅದರ ಒಡೆಯನಿಗಿಂತ ಜಾಸ್ತಿ ಆಯುಷ್ಯ ಇರಬಹುದು ಎನ್ನುವುದನ್ನೂ ಅವರು ಆ ದಿನಗಳಲ್ಲೇ ಕಂಡರು. ಹೊರೇಷಿಯೊ ಆಲ್ಜರ್ ಎಂಬ ಹೆಸರಾಂತ ಲೇಖಕ 1899ರಲ್ಲಿ ತೀರಿಕೊಂಡಾಗ, ಅವರ ಹೆಸರಲ್ಲೇ ಮುಂದಿನ ಪುಸ್ತಕಗಳನ್ನು ಬರೆದುಕೊಟ್ಟವರು ಸ್ಟ್ರಾಟೆಮೇಯರ್. ಓದುಗರು ಆಲ್ಜರ್ ಹೆಸರು ನೋಡಿ ಕೊಂಡರು.

ಅದಕ್ಕೂ ಒಂದು ವರ್ಷ ಮುಂಚೆ ಅವರಿಗೆ ಒಂದು ದೊಡ್ಡ ಅವಕಾಶ ಒದಗಿತ್ತು. 1898ರ ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಪಡೆಯನ್ನು ಅಮೆರಿಕದ ನೌಕಾಧಿಕಾರಿ ಜಾರ್ಜ್ ಡ್ಯೂಯಿ ಸೋಲಿಸಿದರು. ಯುದ್ಧದ ಹಡಗಿನಲ್ಲಿರುವ ಹುಡುಗರ ಬಗ್ಗೆ ಸ್ಟ್ರಾಟೆಮೇಯರ್ ಬರೆದ ಕತೆಯೊಂದು ಆಗ ಬಾಸ್ಟನ್ನಿನ ಪ್ರಕಾಶಕರ ಮೇಜಿನ ಮೇಲಿತ್ತು. ಇದನ್ನು ಡ್ಯೂಯಿಯ ಗೆಲುವಿಗೆ ಹೊಂದಿಸಿ ಕೊಡಿ ಎಂದು ಪ್ರಕಾಶಕರು ಕೇಳಿದರು. ಕೊಟ್ಟರು. ಅದೇ ವರ್ಷ ಪುಸ್ತಕ ಬಂತು, ಬಿಸಿಬಿಸಿಯಾಗಿ ಮಾರಾಟವಾಯಿತು. ಪೇಪರಿನಲ್ಲಿ ಹುಡುಗರು ಏನು ಓದುತ್ತಾರೋ ಅದೇ ಕತೆಯಾಗಬೇಕು ಎನ್ನುವುದು ಅವರಿಗೆ ಖಾತ್ರಿಯಾಯಿತು. ಮುಂದೆ ಮೋಟಾರ್ ಬಂದಾಗ ಮೋಟಾರಿನ ಸರಣಿ, ವಿಮಾನ ಬಂದಾಗ ವಿಮಾನದ ಸರಣಿ ಶುರುಮಾಡಿದ್ದು ಇದೇ ಲೆಕ್ಕದಲ್ಲಿ.

1899ರಲ್ಲಿ ರೋವರ್ ಬಾಯ್ಸ್ ಸರಣಿ ಬಂತು. ಡಿಕ್, ಟಾಮ್, ಸ್ಯಾಮ್ ಎಂಬ ಮೂವರು ಅಣ್ಣತಮ್ಮಂದಿರು, ಒಂದು ಬೋರ್ಡಿಂಗ್ ಶಾಲೆ, ರಜೆಯಲ್ಲಿ ಸಾಹಸ. ರಟ್ಟಿನ ಮೇಲೆ ಲೇಖಕರ ಹೆಸರು ಆರ್ಥರ್ ಎಂ. ವಿನ್‌ಫೀಲ್ಡ್. ಅದೂ ಸ್ಟ್ರಾಟೆಮೇಯರ್ ಅವರೇ.

ಐವತ್ತು ಸೆಂಟಿನ ಲೆಕ್ಕ

1906ರಲ್ಲಿ ಮೋಟಾರ್ ಬಾಯ್ಸ್ ಎಂಬ ಹೊಸ ಸರಣಿಯನ್ನು ಹಿಡಿದುಕೊಂಡು ಸ್ಟ್ರಾಟೆಮೇಯರ್ ಪ್ರಕಾಶಕರ ಹತ್ತಿರ ಹೋದರು. ಗಟ್ಟಿ ರಟ್ಟು, ಒಳ್ಳೆಯ ಚಿತ್ರ, ಆದರೆ ಬೆಲೆ ಬರೀ ಐವತ್ತು ಸೆಂಟು ಇರಲಿ ಎಂದರು. ಪ್ರತಿ ಪುಸ್ತಕದ ಮೇಲೆ ಲಾಭ ತೀರಾ ಕಡಿಮೆ. ಆದರೆ ಬೆಲೆ ಅರ್ಧವಾದರೆ ಹುಡುಗ ತಾನೇ ಕಾಸು ಕೂಡಿಸಿ ಕೊಳ್ಳಬಹುದು, ಅಪ್ಪನೂ ಆಕ್ಷೇಪ ಮಾಡುವುದಿಲ್ಲ. ಒಂದು ಓದಿದವನು ಉಳಿದವನ್ನೂ ಕೇಳಿಕೊಂಡು ಬರುತ್ತಾನೆ. ಲಾಭ ಇರುವುದು ಒಂದು ಪುಸ್ತಕದಲ್ಲಲ್ಲ, ಸರಣಿಯಲ್ಲಿ.

ಲೆಕ್ಕ ಸರಿಯಾಗೇ ಇತ್ತು. ಆದರೆ ಈ ವ್ಯಾಪಾರ ನಡೆಯಬೇಕಾದರೆ ಪುಸ್ತಕಗಳು ಬರುತ್ತಲೇ ಇರಬೇಕು, ಅದೂ ಹತ್ತಾರು ಸರಣಿಗಳಲ್ಲಿ. ಒಬ್ಬ ಮನುಷ್ಯ ಎಷ್ಟು ಬರೆಯಬಲ್ಲ? ಸುಮಾರು 1905ರಲ್ಲೇ ಅವರು ಬೇರೆಯವರ ಕೈಲಿ ಬರೆಸುವ ಏರ್ಪಾಡು ಮಾಡಿಕೊಂಡಿದ್ದರು. ಅದಕ್ಕೇ ಸ್ಟ್ರಾಟೆಮೇಯರ್ ಸಿಂಡಿಕೇಟ್ ಎಂದು ಹೆಸರು. ಇದು ಪ್ರಕಾಶನ ಸಂಸ್ಥೆಯಲ್ಲ. ಮುದ್ರಣ, ಮಾರಾಟ ಬೇರೆಯವರದ್ದು. ಸಿಂಡಿಕೇಟ್ ಮಾಡುತ್ತಿದ್ದದ್ದು ಕತೆಯನ್ನು ತಯಾರಿಸಿ ಪ್ರಕಾಶಕರಿಗೆ ಕೊಡುವ ಕೆಲಸ.

ಒಂದು ಪುಸ್ತಕ ತಯಾರಾಗುತ್ತಿದ್ದ ಬಗೆ

ದೊಡ್ಡ ಟೈಲರ್ ಅಂಗಡಿ ನೋಡಿದ್ದೀರಲ್ಲ? ಮಾಸ್ಟರ್ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾರೆ. ಹೊಲಿಯುವವರು ಹಿಂದಿನ ಕೋಣೆಯಲ್ಲಿ ಬೇರೆ ಇರುತ್ತಾರೆ, ಒಂದು ಶರ್ಟಿಗೆ ಇಷ್ಟು ಅಂತ ಕೂಲಿ. ಕಾಲರಿಗೆ ಹಚ್ಚುವ ಲೇಬಲ್ ಮಾತ್ರ ಅಂಗಡಿಯದು. ಸಿಂಡಿಕೇಟ್ ನಡೆದದ್ದು ಹಾಗೆ.

ಮೊದಲು ಸ್ಟ್ರಾಟೆಮೇಯರ್ ಒಂದು ಸರಣಿಯ ಕಲ್ಪನೆ ಮಾಡುತ್ತಿದ್ದರು. ಮುಖ್ಯ ಪಾತ್ರಗಳು ಯಾರು, ಊರು ಯಾವುದು, ಲೇಖಕರ ಹೆಸರು ಏನಿರಬೇಕು ಎಲ್ಲ ಅವರದೇ ತೀರ್ಮಾನ. ಪ್ರಕಾಶಕರು ಒಪ್ಪಿದ ಮೇಲೆ ಮೊದಲ ಪುಸ್ತಕದ ಕತೆಯನ್ನು ಎರಡು ಮೂರು ಪುಟಗಳಲ್ಲಿ ಟೈಪ್ ಮಾಡುತ್ತಿದ್ದರು. ಯಾವ ಘಟನೆ ಆದ ಮೇಲೆ ಯಾವುದು, ಯಾರು ಕಳ್ಳ, ಕೊನೆಗೆ ಏನು ಸಿಗುತ್ತದೆ, ಇಷ್ಟು ಅದರಲ್ಲಿ ಇರುತ್ತಿತ್ತು. ಅದು ಒಬ್ಬ ಬರಹಗಾರರಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಅವರು ಅದನ್ನು ಇನ್ನೂರು ಚಿಲ್ಲರೆ ಪುಟಗಳ ಕಾದಂಬರಿಯಾಗಿ ಬೆಳೆಸಿ ಕೆಲವೇ ವಾರಗಳಲ್ಲಿ ವಾಪಸ್ ಕಳಿಸಬೇಕು. ಬಂದದ್ದನ್ನು ಸ್ಟ್ರಾಟೆಮೇಯರ್ ಕೂತು ತಿದ್ದುತ್ತಿದ್ದರು. ಹಿಂದಿನ ಪುಸ್ತಕದಲ್ಲಿ ಒಬ್ಬನ ಕೂದಲು ಕೆಂಪಾಗಿದ್ದರೆ ಇದರಲ್ಲೂ ಕೆಂಪೇ ಇರಬೇಕಲ್ಲ.

ಹೀಗೆ ಬೇರೆಯವರ ಹೆಸರಿಗೆ ಬರೆದುಕೊಡುವವರನ್ನು ಘೋಸ್ಟ್ ರೈಟರ್ ಎನ್ನುತ್ತಾರೆ. ಅವರಿಗೆ ಸಿಗುತ್ತಿದ್ದದ್ದು ಪುಸ್ತಕಕ್ಕೆ ಇಷ್ಟು ಎಂಬ ಒಂದೇ ಇಡಿಗಂಟು, ಸಾಮಾನ್ಯವಾಗಿ 75ರಿಂದ 150 ಡಾಲರ್. ದುಡ್ಡು ಪಡೆಯುವಾಗ ಒಂದು ಕಾಗದಕ್ಕೆ ಸಹಿ ಹಾಕಬೇಕು. ಈ ಬರಹದ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಈ ಹೆಸರನ್ನು ನಾನು ಬೇರೆಲ್ಲೂ ಬಳಸುವುದಿಲ್ಲ ಎನ್ನುವುದು ಅದರ ಸಾರ. ಪುಸ್ತಕ ಒಂದು ಸಾವಿರ ಪ್ರತಿ ಹೋದರೂ ಹತ್ತು ಲಕ್ಷ ಹೋದರೂ ಬರೆದವರಿಗೆ ಮತ್ತೆ ಒಂದು ಸೆಂಟೂ ಇಲ್ಲ. ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಯೊಂದಕ್ಕೂ ಬರುವ ಪಾಲು, ಸಿಂಡಿಕೇಟಿನದು.

ಲೇಖಕರ ಹೆಸರೂ ಯಾಕೆ ಕಲ್ಪಿತ ಆಗಿರಬೇಕಿತ್ತು ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಬರೆಯುವವರು ಬಿಟ್ಟು ಹೋಗಬಹುದು, ಕಾಯಿಲೆ ಬೀಳಬಹುದು, ಜಾಸ್ತಿ ದುಡ್ಡು ಕೇಳಬಹುದು. ಹೆಸರು ಕಂಪನಿಯದೇ ಆಗಿದ್ದರೆ ಇನ್ನೊಬ್ಬರು ಬಂದು ಕೂರುತ್ತಾರೆ, ಓದುವ ಹುಡುಗನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಬ್ಬರೇ ನಾಲ್ಕು ಸರಣಿ ಬರೆದರೂ ನಾಲ್ಕು ಬೇರೆ ಲೇಖಕರಂತೆ ಕಾಣುತ್ತದೆ. ಅಭಿಮಾನಿಗಳ ಪತ್ರಗಳು ಪ್ರಕಾಶಕರ ವಿಳಾಸಕ್ಕೆ ಬರುತ್ತಿದ್ದವು. ಬರೆದ ಕೈಗೆ ಅವು ತಲುಪುವ ಹಾಗಿರಲಿಲ್ಲ.

ಹೊಸ ಸರಣಿ ಶುರುಮಾಡುವಾಗ ಒಂದರ ಬದಲು ಮೂರು ಪುಸ್ತಕಗಳನ್ನು ಒಟ್ಟಿಗೆ ಅಂಗಡಿಗೆ ಬಿಡುವುದು ಅವರ ರೂಢಿ. ಮೂರೂ ಹೋದರೆ ಸರಣಿ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ಮುಕ್ತಾಯ. 1927ರಲ್ಲಿ ಹಾರ್ಡಿ ಬಾಯ್ಸ್ ಬಂದದ್ದು ಹೀಗೇ, 'ದಿ ಟವರ್ ಟ್ರೆಷರ್', 'ದಿ ಹೌಸ್ ಆನ್ ದಿ ಕ್ಲಿಫ್', 'ದಿ ಸೀಕ್ರೆಟ್ ಆಫ್ ದಿ ಓಲ್ಡ್ ಮಿಲ್' ಮೂರೂ ಜೊತೆಯಲ್ಲಿ. 2023ರಲ್ಲಿ ಒಟ್ಟಿಗೆ ಮೂರು ಪುಸ್ತಕಗಳ ಕಾಪಿರೈಟ್ ಮುಗಿದದ್ದು ಇದೇ ಕಾರಣಕ್ಕೆ.

ಡಿಕ್ಸನ್ ಹೆಸರಿನ ಹಿಂದಿದ್ದ ಮನುಷ್ಯ

1926ರಲ್ಲಿ ಲೆಸ್ಲಿ ಮ್ಯಾಕ್‌ಫರ್ಲೇನ್ ಎಂಬ ಕೆನಡಾದ ಯುವಕ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದರು. ಕತೆಯ ಹಂದರ ಕೊಟ್ಟರೆ ಬೆಳೆಸಿ ಬರೆಯಬಲ್ಲ ಲೇಖಕರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದರು. ಮೊದಲು ಸಿಕ್ಕಿದ್ದು ಡೇವ್ ಫಿಯರ್‌ಲೆಸ್ ಎಂಬ ಸಮುದ್ರದಾಳದ ಸಾಹಸಿಯ ಸರಣಿ. ಅಲ್ಲಿ ಅವರ ಹೆಸರು ರಾಯ್ ರಾಕ್‌ವುಡ್. ಕೆಲಸ ಬಿಟ್ಟು ಕೆನಡಾಕ್ಕೆ ಮರಳಿ, ಉತ್ತರ ಒಂಟಾರಿಯೊದ ಸರೋವರದ ದಡದಲ್ಲಿ ಒಂದು ಮರದ ಮನೆ ಹಿಡಿದು ಟೈಪ್‌ರೈಟರ್ ಮುಂದೆ ಕೂತರು. ಸ್ವಲ್ಪ ಕಾಲದಲ್ಲೇ ಹೊಸ ಸರಣಿಯ ಹಂದರ ಬಂತು. ಬೇಪೋರ್ಟ್ ಎಂಬ ಕಡಲ ದಡದ ಊರು, ಫೆಂಟನ್ ಹಾರ್ಡಿ ಎಂಬ ಪತ್ತೇದಾರ, ಅವರ ಇಬ್ಬರು ಗಂಡುಮಕ್ಕಳು ಫ್ರಾಂಕ್ ಮತ್ತು ಜೋ. ಸಂಭಾವನೆ ಪುಸ್ತಕಕ್ಕೆ 125 ಡಾಲರ್.

ಡೇವ್ ಫಿಯರ್‌ಲೆಸ್ ಕತೆಗಳು ಮ್ಯಾಕ್‌ಫರ್ಲೇನ್‌ಗೆ ಹಿಡಿಸಿರಲಿಲ್ಲ. ಹಾರ್ಡಿ ಬಾಯ್ಸ್ ಹಂದರ ನೋಡಿ ಅವರಿಗೆ ಬೇರೆ ಹುಮ್ಮಸ್ಸು ಬಂತು. ಅದೇ 125 ಡಾಲರಿಗೆ ಬೇಕಾಬಿಟ್ಟಿ ಬರೆದು ಕಳಿಸಿದ್ದರೂ ಕೇಳುವವರಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಮೂರು ಪುಟದ ಹಂದರದಲ್ಲಿ ನಗು ಇರುವುದಿಲ್ಲ, ಹಸಿವು ಇರುವುದಿಲ್ಲ. ಅದನ್ನೆಲ್ಲ ತುಂಬಿದವರು ಅವರು. ಊಟದ ವರ್ಣನೆ ಬಂತೆಂದರೆ ಪುಟಗಟ್ಟಲೆ ತಿಂಡಿ ತೀರ್ಥ, ಯಾಕೆಂದರೆ ಆ ವಯಸ್ಸಿನ ಹುಡುಗರಿಗೆ ಯಾವಾಗಲೂ ಹೊಟ್ಟೆ ಹಸಿದಿರುತ್ತದೆ.

'ಟವರ್ ಟ್ರೆಷರ್'ನ ಒಂದು ಪ್ರಸಂಗ ನೋಡಿ. ಕಳ್ಳನೊಬ್ಬ ಸಾಯುವ ಸ್ಥಿತಿಯಲ್ಲಿ ದೂರದ ಆಸ್ಪತ್ರೆಯಲ್ಲಿದ್ದಾನೆ. ಅವನ ಬಾಯಿಂದ ನಿಜ ಹೊರಡಿಸಲು ಫೆಂಟನ್ ಹಾರ್ಡಿ ಹೋಗಬೇಕು. ಆದರೆ ಊರಿನ ಪೊಲೀಸ್ ಮುಖ್ಯಸ್ಥ ಕಾಲಿಗ್ ಮತ್ತು ಡಿಟೆಕ್ಟಿವ್ ಸ್ಮಫ್ ಕೂಡ ಅದೇ ರೈಲು ಹಿಡಿಯಲು ಹೊರಟಿದ್ದಾರೆ. ಅವರು ಹೋದರೆ ಕೆಲಸ ಕೆಡುತ್ತದೆ. ಹುಡುಗರು ಏನು ಮಾಡುತ್ತಾರೆ ಗೊತ್ತಾ? ಒಂದು ಪೊಟ್ಟಣದಲ್ಲಿ ಅಲಾರಂ ಗಡಿಯಾರ ಸುತ್ತಿ ಹಣ್ಣಿನ ಅಂಗಡಿಯ ಕೆಳಗೆ ಇಡುತ್ತಾರೆ. ಒಳಗಿಂದ ಟಿಕ್ ಟಿಕ್ ಸದ್ದು. ಬಾಂಬ್ ಎಂದು ಊರೆಲ್ಲ ಗುಲ್ಲು. ಪೊಲೀಸರು ಅಲ್ಲೇ ಒದ್ದಾಡುತ್ತಿರುವಾಗ ರೈಲು ಹೊರಟುಹೋಗುತ್ತದೆ. ಇಡೀ ಪ್ರಸಂಗದಲ್ಲಿ ದೊಡ್ಡವರ ಅಧಿಕಾರದ ಬಗ್ಗೆ ಚೂರೂ ಭಯವಿಲ್ಲ. ಮಕ್ಕಳು ದೊಡ್ಡವರನ್ನು ಕಂಡು ಹಾಗೆ ನಗಬಹುದು ಎಂದು ಮ್ಯಾಕ್‌ಫರ್ಲೇನ್ ಬೇಕೆಂದೇ ಬರೆದದ್ದು. ಈ ಪ್ರಸಂಗ ನಿಮಗೆ ನೆನಪಿಲ್ಲ ಅಂದರೆ ಅದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಸರಣಿಯ ಮೊದಲ 16 ಪುಸ್ತಕಗಳನ್ನು 1937ರ ತನಕ ಅವರೇ ಬರೆದರು. ಅದಾದ ಮೇಲೆ ಜಾನ್ ಬಟನ್ ಎಂಬವರು ಐದು ಬರೆದರು. ಓದುಗರ ಪಾಲಿಗೆ ಆಗಲೂ ಲೇಖಕ ಡಿಕ್ಸನ್ನೇ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸಂಭಾವನೆ 125ರಿಂದ ಇಳಿಯಿತು. ಮನೆ ನಡೆಯಬೇಕಲ್ಲ, ಬೇಸರಪಟ್ಟುಕೊಂಡೇ ಬರೆದರು. ಆ ಬೇಸರ ಅವರ ದಿನಚರಿಯಲ್ಲಿ ದಾಖಲಾಗಿದೆ. ಆಮೇಲೆ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿ ಸಾಕ್ಷ್ಯಚಿತ್ರಗಳ ಕೆಲಸ ಮಾಡಿದರು. ತಾನೇ ಹಾರ್ಡಿ ಬಾಯ್ಸ್ ಬರೆದವನು ಎಂದು ಪೂರ್ತಿಯಾಗಿ ಹೇಳಿಕೊಂಡದ್ದು 1976ರ ಆತ್ಮಕತೆಯಲ್ಲಿ. ಮರುವರ್ಷವೇ ತೀರಿಕೊಂಡರು. ಕೋಟಿಗಟ್ಟಲೆ ಓದುಗರಿದ್ದ ಬರಹಗಾರನಿಗೆ ತನ್ನ ಹೆಸರು ಹೇಳಿಕೊಳ್ಳಲು ಅರ್ಧ ಶತಮಾನ ಬೇಕಾಯಿತು ಎನ್ನುವುದು ನೋವಿನ ವಿಷಯ.

ನ್ಯಾನ್ಸಿ ಡ್ರೂ ಕತೆಯೂ ಹೆಚ್ಚುಕಮ್ಮಿ ಇದೇ. ರಟ್ಟಿನ ಮೇಲೆ ಕ್ಯಾರೊಲಿನ್ ಕೀನ್, ಬರೆದವರು ಐಯೊವಾದ ಮಿಲ್ಡ್ರೆಡ್ ವರ್ಟ್ ಬೆನ್ಸನ್. ಮೊದಲ 30 ಪುಸ್ತಕಗಳಲ್ಲಿ 23 ಅವರದ್ದು. 1980ರಲ್ಲಿ ಪ್ರಕಾಶಕರಿಗೂ ಸಿಂಡಿಕೇಟಿಗೂ ನಡುವೆ ನ್ಯೂಯಾರ್ಕಿನಲ್ಲಿ ಕೋರ್ಟು ವ್ಯಾಜ್ಯವಾದಾಗ ಅವರು ಸಾಕ್ಷಿ ಹೇಳಲು ಬಂದರು. ಅವರ ಪಾಲು ಎಷ್ಟು ಎಂಬುದು ಕಾಗದಪತ್ರಗಳ ಸಮೇತ ಹೊರಬಿತ್ತು.

ಹುಡುಗರು ಯಾಕೆ ಬಿಡದೆ ಓದಿದರು

ಮೊದಲ ಪುಟದಲ್ಲೇ ಏನಾದರೂ ಆಗಬೇಕು. 'ಟವರ್ ಟ್ರೆಷರ್' ಶುರುವಾಗುವಾಗಲೇ ಫ್ರಾಂಕ್, ಜೋ ಇಬ್ಬರೂ ಮೋಟಾರ್ ಸೈಕಲ್ ಮೇಲೆ ಸಮುದ್ರದ ಪಕ್ಕದ ರಸ್ತೆಯಲ್ಲಿದ್ದಾರೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಕಂಡಾಪಟ್ಟೆ ವೇಗದಲ್ಲಿ ನುಗ್ಗಿ ಬರುತ್ತದೆ. ಪಕ್ಕದಲ್ಲೇ ಪ್ರಪಾತ. 

ಪ್ರತಿ ಅಧ್ಯಾಯವೂ ಇನ್ನೇನು ಅನ್ನುವಷ್ಟರಲ್ಲಿ ನಿಲ್ಲಬೇಕು. ದೀಪ ಆರಿಸಿ ಮಲಗುವ ಹೊತ್ತಾದರೂ ಮುಂದಿನ ಪುಟ ತಿರುವಬೇಕು. ಒಳಗೆ ಎಲ್ಲೋ ಒಂದು ಕಡೆ ಹಳೆಯ ಪುಸ್ತಕಗಳ ಹೆಸರು ಹೇಳಿ ಅವರು ಹಿಂದೆ ಏನೇನು ಸಾಹಸ ಮಾಡಿದ್ದರೆಂದು ನೆನಪಿಸುವುದು, ಕೊನೆಯ ಪುಟದಲ್ಲಿ ಮುಂದಿನ ಪುಸ್ತಕದ ಸುಳಿವು ಕೊಡುವುದು. ಇದೂ ಹಂದರದ ಭಾಗವೇ.

ಪಾತ್ರಗಳಿಗೆ ವಯಸ್ಸಾಗಬಾರದು ಎಂಬ ನಿಯಮ ಸ್ವಲ್ಪ ತಡವಾಗಿ ಬಂತು. ರೋವರ್ ಬಾಯ್ಸ್ ಬೆಳೆದರು, ಓದು ಮುಗಿಸಿದರು, ಮದುವೆಯಾದರು. ಮದುವೆಯಾದ ಗಂಡಸರ ಕತೆ ಹನ್ನೆರಡು ವರ್ಷದ ಹುಡುಗನಿಗೆ ಯಾಕೆ ಬೇಕು? ಅವರ ಮಕ್ಕಳನ್ನು ಕರೆತಂದು ಸರಣಿ ಮುಂದುವರಿಸಬೇಕಾಯಿತು. ಹಾರ್ಡಿ ಬಾಯ್ಸ್ ಬರುವ ಹೊತ್ತಿಗೆ ಪಾಠ ಕಲಿತಾಗಿತ್ತು. ಫ್ರಾಂಕ್‌ಗೆ 16, ಜೋಗೆ 15, ವರ್ಷಗಟ್ಟಲೆ ಅಷ್ಟೇ. ಅವರಿಗೆ ಬೈಕು ಇದೆ, ಮೋಟಾರ್ ಬೋಟು ಇದೆ, ಬೇಕಾದಷ್ಟು ರಜೆ ಇದೆ. ಅಪ್ಪ ಅಮ್ಮ ಇದ್ದಾರೆ, ಆದರೆ ಅಡ್ಡ ಬರುವುದಿಲ್ಲ.

ಹೊಸ ಯಂತ್ರಗಳ ಆಸೆಯೂ ದೊಡ್ಡದೇ. 1910ರಲ್ಲಿ ಶುರುವಾದ ಟಾಮ್ ಸ್ವಿಫ್ಟ್ ಸರಣಿಯ ನಾಯಕ ತಾನೇ ಯಂತ್ರ ಕಟ್ಟುವವನು. ಮೊದಲ ವರ್ಷವೇ ಮೋಟಾರ್ ಸೈಕಲ್, ಮೋಟಾರ್ ಬೋಟು, ಆಕಾಶನೌಕೆ, ಸಬ್‌ಮರೀನ್, ಇಲೆಕ್ಟ್ರಿಕ್ ಕಾರು. ರೈಟ್ ಸಹೋದರರು ಹಾರಿ ಆಗ ಏಳೇ ವರ್ಷ ಆಗಿತ್ತು ಎನ್ನುವುದನ್ನು ನೆನಪಿಡಿ. ಅದರಲ್ಲಿ ಹೆಚ್ಚಿನವನ್ನು ಬರೆದವರು ಹೋವರ್ಡ್ ಗ್ಯಾರಿಸ್, ಹೆಸರು ವಿಕ್ಟರ್ ಆಪಲ್ಟನ್. ಪೊಲೀಸರು ಬಳಸುವ ಟೇಸರ್ ಗನ್ ತಯಾರಿಸಿದ ಜ್ಯಾಕ್ ಕವರ್ ಚಿಕ್ಕಂದಿನಲ್ಲಿ ಓದಿದ್ದು ಈ ಸರಣಿಯನ್ನೇ. ಟಾಮ್ ಸ್ವಿಫ್ಟ್‌ನ ಇಲೆಕ್ಟ್ರಿಕ್ ರೈಫಲ್ ನೆನಪಲ್ಲೇ ಅವರು ತಮ್ಮ ಸಾಧನಕ್ಕೆ ಹೆಸರಿಟ್ಟರು.

ಲೈಬ್ರರಿಯವರ ವಿರೋಧ

1914ರಲ್ಲಿ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಮುಖ್ಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ ಒಂದು ಖಾರವಾದ ಲೇಖನ ಬರೆದರು. ಈ ಅಗ್ಗದ ಸರಣಿಗಳು ಹುಡುಗರ ಮಿದುಳನ್ನೇ ಸ್ಫೋಟಿಸುತ್ತವೆ ಎನ್ನುವುದು ಅವರ ವಾದ. ಕಲ್ಪನೆಗೆ ವಿಪರೀತ ಉದ್ರೇಕ ಕೊಟ್ಟರೆ ಒಳ್ಳೆಯ ಸಾಹಿತ್ಯ ಓದುವ ಶಕ್ತಿಯೇ ಹೋಗುತ್ತದೆ ಎಂದರು. ಎಷ್ಟೋ ಗ್ರಂಥಾಲಯಗಳು ದಶಕಗಳ ಕಾಲ ಈ ಪುಸ್ತಕಗಳನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಹುಡುಗರು ಕೊಂಡು, ಗೆಳೆಯರ ಜೊತೆ ಅದಲುಬದಲು ಮಾಡಿಕೊಂಡು ಓದಿದರು. ಮಾರಾಟಕ್ಕೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ.

1959ರಲ್ಲಿ ಏನಾಯಿತು

ಸ್ಟ್ರಾಟೆಮೇಯರ್ 1930ರ ಮೇ 10ರಂದು ತೀರಿಕೊಂಡರು. ನ್ಯಾನ್ಸಿ ಡ್ರೂ ಅಂಗಡಿಗೆ ಬಂದು ಆಗ ಎರಡು ವಾರವೂ ಆಗಿರಲಿಲ್ಲ. ಮಗಳು ಹ್ಯಾರಿಯೆಟ್ ಆಡಮ್ಸ್, ಮೊದಲು ತಂಗಿಯ ಜೊತೆ, ಆಮೇಲೆ ಒಬ್ಬರೇ ಕಂಪನಿ ನಡೆಸಿದರು. 1982ರಲ್ಲಿ ಸಾಯುವ ತನಕ ಅದೇ ಕೆಲಸ. ಅವರ ಕಾಲದಲ್ಲಿ ಒಂದು ದೊಡ್ಡ ತಿದ್ದುಪಡಿ ನಡೆಯಿತು. 1959ರಿಂದ 1973ರ ತನಕ ಹಾರ್ಡಿ ಬಾಯ್ಸ್ ಸರಣಿಯ ಮೊದಲ 38 ಪುಸ್ತಕಗಳನ್ನು ಒಂದೊಂದಾಗಿ ತಿದ್ದಿ, ಕೆಲವನ್ನು ಪೂರ್ತಿ ಹೊಸದಾಗಿ ಬರೆಸಿದರು.

ಅದಕ್ಕೆ ಬಲವಾದ ಕಾರಣ ಇತ್ತು. ಹಳೆಯ ಪುಸ್ತಕಗಳಲ್ಲಿ ಕಪ್ಪು ಜನರನ್ನು, ಚೀನೀಯರನ್ನು, ಇಟಲಿಯಿಂದ ಬಂದವರನ್ನು ಚಿತ್ರಿಸಿದ ರೀತಿ ಕೆಟ್ಟದಾಗಿತ್ತು. ಮುರುಕು ಇಂಗ್ಲಿಷ್, ಪೆದ್ದುತನ, ಅಥವಾ ಕಳ್ಳತನ, ಇಷ್ಟೇ ಅವರ ಪಾಲಿಗೆ. ಅಲಾರಂ ಪ್ರಸಂಗದ ಹಣ್ಣಿನ ವ್ಯಾಪಾರಿ ರೊಕ್ಕೊ ಕೂಡ ಅಂಥದೇ ಪಾತ್ರ. ಟಾಮ್ ಸ್ವಿಫ್ಟ್ ಇಲೆಕ್ಟ್ರಿಕ್ ರೈಫಲ್ ಹಿಡಿದು ಆಫ್ರಿಕಾಕ್ಕೆ ಹೋಗುವ ಪುಸ್ತಕದಲ್ಲಿ ಅಲ್ಲಿನ ಜನರ ಚಿತ್ರಣ ಇವತ್ತು ಓದಲು ಹಿಂಸೆಯಾಗುತ್ತದೆ. ಇವನ್ನು ತೆಗೆಯಲೇಬೇಕಿತ್ತು. ಆದರೆ ತೆಗೆದ ರೀತಿಯಲ್ಲಿ ಎಷ್ಟೋ ಕಡೆ ಆ ಜನರೇ ಕತೆಯಿಂದ ಮಾಯವಾದರು.

ಜೊತೆಗೆ ಇನ್ನೂ ಕೆಲವು ಬದಲಾವಣೆಗಳಾದವು. 25ರ ಆಸುಪಾಸು ಅಧ್ಯಾಯ ಇದ್ದದ್ದು 20 ಆಯಿತು, ಪುಟ 180ರ ಆಸುಪಾಸಿಗೆ ಇಳಿಯಿತು. ಹಳೆಯ ಕಾರು, ಹಳೆಯ ಮಾತು ಹೋದವು. ಅಣ್ಣತಮ್ಮಂದಿರಿಗೆ 18 ಮತ್ತು 17 ವರ್ಷ ಆಯಿತು. ಪೊಲೀಸರನ್ನು ಗೇಲಿ ಮಾಡುವುದು ನಿಂತಿತು, ಕಾಲಿಗ್ ಗೌರವಸ್ಥ ಅಧಿಕಾರಿಯಾದರು. ಕತೆ ಓಡುತ್ತದೆ ನಿಜ, ಆದರೆ ಮ್ಯಾಕ್‌ಫರ್ಲೇನ್ ತುಂಬಿದ್ದ ನಗು, ಮಳೆಗಾಳಿಯ ವರ್ಣನೆ, ನಿಧಾನವಾಗಿ ಕಟ್ಟುವ ಭಯ ಬಹಳಷ್ಟು ಕಳೆದುಹೋಯಿತು. ಎರಡನ್ನೂ ಓದಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

1980-90ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಬಾಡಿಗೆ ಲೈಬ್ರರಿಗಳಲ್ಲಿ, ಶಾಲೆಯ ಕಪಾಟುಗಳಲ್ಲಿ, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ನಮ್ಮ ಕಡೆಯವರಿಗೆ ಸಿಕ್ಕಿದ್ದು ಹೆಚ್ಚಾಗಿ ಈ ತಿದ್ದಿದ ಪಠ್ಯ, ಅದರ ಜೊತೆ ಆಮೇಲೆ ಬಂದ ಪೇಪರ್‌ಬ್ಯಾಕ್‌ಗಳು. ಕನ್ನಡದಲ್ಲೂ ಅಗ್ಗದ ಪತ್ತೇದಾರಿ ಕಾದಂಬರಿಗಳ ಒಂದು ದೊಡ್ಡ ಕಾಲ ಇತ್ತು, ಅಲ್ವಾ? ಆದರೆ ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯ ನಿಜವಾದ ಮನುಷ್ಯ, ಬರೆದದ್ದು ತಮ್ಮದೇ ಹೆಸರಲ್ಲಿ.

ಈಗ ಯಾವುದು ಉಚಿತ, ಯಾವುದು ಅಲ್ಲ

ಅಮೆರಿಕದ ಕಾನೂನಿನ ಪ್ರಕಾರ ಆ ಕಾಲದ ಪುಸ್ತಕಗಳಿಗೆ, ಕಾಪಿರೈಟ್ ಸರಿಯಾಗಿ ನವೀಕರಿಸಿದ್ದರೆ, ಪ್ರಕಟವಾದ ವರ್ಷದಿಂದ 95 ವರ್ಷ ರಕ್ಷಣೆ. 1927ಕ್ಕೆ 95 ಕೂಡಿಸಿದರೆ 2022. ಆ ವರ್ಷ ಮುಗಿದ ಮಾರನೇ ದಿನ ಮೊದಲ ಮೂರು ಪುಸ್ತಕಗಳು ಎಲ್ಲರ ಸ್ವತ್ತಾದವು. ಹೀಗೆ ಪ್ರತಿ ಜನವರಿ 1ಕ್ಕೆ ಇನ್ನೊಂದು ವರ್ಷದ ಪುಸ್ತಕಗಳು ಸೇರುತ್ತಾ ಹೋಗುತ್ತವೆ. 1930ರ 'ದಿ ಗ್ರೇಟ್ ಏರ್‌ಪೋರ್ಟ್ ಮಿಸ್ಟರಿ' 2026ರಲ್ಲಿ ಸೇರಿತು.

ಇದು ಹಳೆಯ, ಮೂಲ ಪಠ್ಯಕ್ಕೆ ಮಾತ್ರ. 1959ರಲ್ಲಿ ತಿದ್ದಿದ 'ಟವರ್ ಟ್ರೆಷರ್' ಕಾನೂನಿನ ಕಣ್ಣಿಗೆ ಬೇರೆ ಬರಹ. ಅದೇ ಲೆಕ್ಕದಲ್ಲಿ ಅದು ಬಿಡುಗಡೆಯಾಗಬೇಕಾದರೆ 2055ರ ತನಕ ಕಾಯಬೇಕು. ಹಾರ್ಡಿ ಬಾಯ್ಸ್ ಎಂಬ ಹೆಸರು ಟ್ರೇಡ್‌ಮಾರ್ಕ್ ಆಗಿ, 1984ರಲ್ಲಿ ಸಿಂಡಿಕೇಟನ್ನು ಕೊಂಡ ಸೈಮನ್ ಅಂಡ್ ಶುಸ್ಟರ್ ಕೈಲಿದೆ. ಹಾಗಾಗಿ ಹಳೆಯ ಪಠ್ಯವನ್ನು ಯಾರು ಬೇಕಾದರೂ ಅಚ್ಚುಹಾಕಬಹುದು, ಆದರೆ ಹೊಸ ಕತೆ ಬರೆದು ಅದೇ ಬ್ರ್ಯಾಂಡಿನಂತೆ ಮಾರಲು ಹೋದರೆ ತಕರಾರು ಬರುತ್ತದೆ. ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ ಸಾಮಾನ್ಯ ನಿಯಮ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಅಲ್ಲಿ ಉಚಿತವಾದದ್ದು ಇಲ್ಲೂ ತಾನಾಗಿ ಉಚಿತ ಎಂದುಕೊಳ್ಳುವ ಹಾಗಿಲ್ಲ.

ಕೈಲಿರುವುದು ಯಾವ ಪಠ್ಯ ಎಂದು ನೋಡುವುದು ಸುಲಭ. ಪರಿವಿಡಿ ತೆರೆಯಿರಿ. 25ರ ಆಸುಪಾಸು ಅಧ್ಯಾಯ ಇದ್ದರೆ ಹಳೆಯ ಮೂಲ ಪಠ್ಯ, 20 ಇದ್ದರೆ ತಿದ್ದಿದ್ದು. ಹತ್ತು ವರ್ಷದ ಮಗು ತನ್ನಷ್ಟಕ್ಕೆ ಓದಿಕೊಳ್ಳುವುದಾದರೆ 20 ಅಧ್ಯಾಯದ್ದು ಸಾಕು. ಮೂಲ ಪಠ್ಯವನ್ನು ಜೊತೆಗೆ ಕೂತು ಓದುವುದು ಒಳ್ಳೆಯದು. ರೊಕ್ಕೊನಂಥ ಪಾತ್ರ ಬಂದಾಗ ಇದು ಯಾಕೆ ತಪ್ಪು ಎಂದು ಹೇಳಲು ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಬೇಕು.